ದೆವ್ವದ ಉಗುರುಗೀರು: ಕಾಸ್ಮೋ ಕಾರಿನ ತಿರುಗು ಎಂಜಿನು

ಮೋಟಾರು ಕಾರಿನ ಎಂಜಿನಿನೊಳಗೆ ನಡೆಯುವ ಕೆಲಸವನ್ನು ಸ್ವಲ್ಪ ಆಲೋಚಿಸಿ ನೋಡಿದರೆ ಅದರಲ್ಲೊಂದು ವಿಚಿತ್ರವಾದ ಬಳಸುದಾರಿ ಗೋಚರವಾಗುತ್ತದೆ. ನಮಗೆ ಬೇಕಾದುದು ಚಕ್ರದ ತಿರುಗಾಟ. ಆದರೆ ಪೆಟ್ರೋಲು ಉರಿದು ಹುಟ್ಟುವ ಬಲವು ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತದೆ. ಆ ಆಟವನ್ನು ಕ್ರ್ಯಾಂಕಿನ ಮೂಲಕ ತಿರುಗಾಟವನ್ನಾಗಿ ಮಾರ್ಪಡಿಸಬೇಕು. ಎಂಜಿನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಪಿಸ್ಟನ್ನೂ ಒಂದು ಸೆಕೆಂಡಿನಲ್ಲಿ 200 ಸಲ ಪೂರ್ತಿ ನಿಂತು, ಮತ್ತೆ ಎದುರು ದಿಕ್ಕಿಗೆ ಹೊರಡಬೇಕಾಗುತ್ತದೆ. ಇಷ್ಟೆಲ್ಲ ನಿಂತು ಹೊರಡುವ ಗೋಜು ಏಕೆ, ಉರಿಯುವ ಅನಿಲವೇ ನೇರವಾಗಿ ಒಂದು ಗಾಲಿಯನ್ನು ತಿರುಗಿಸಬಾರದೇಕೆ ಎಂದು ಕೇಳಿದವರು ಬಹಳ ಮಂದಿ. ಈ ಪ್ರಶ್ನೆಗೆ ಕಾರಿಗೆ ಹೊಂದುವಂಥ ಉತ್ತರವನ್ನು ಕೊಟ್ಟವನು ಜರ್ಮನಿಯ ಫೆಲಿಕ್ಸ್ ವಾಂಕೆಲ್. 1902ರಲ್ಲಿ ಹುಟ್ಟಿದ ಈತನ ಎಂಜಿನು ಎನ್‌.ಎಸ್‌.ಯು. ಕಂಪನಿಯಲ್ಲಿ ಮೊದಲು ಓಡಿದ್ದು 1957ರಲ್ಲಿ.

ನಮ್ಮ ಮನೆಗಳಲ್ಲಿದ್ದ ಒರಳುಕಲ್ಲನ್ನು ಓದುಗರು ನೆನಪಿಗೆ ತಂದುಕೊಳ್ಳಲಿ. ರುಬ್ಬುವಾಗ ಗುಂಡು ತನ್ನ ಸುತ್ತ ತಾನು ತಿರುಗುತ್ತದೆ. ಜೊತೆಗೆ ಕುಳಿಯ ಸುತ್ತಲೂ ಒಂದು ಪ್ರದಕ್ಷಿಣೆ ಹಾಕುತ್ತದೆ. ವಾಂಕೆಲ್ ಎಂಜಿನಿನ ಚಲನೆಯೂ ಹೀಗೆಯೇ ಇಮ್ಮಡಿಯಾದುದು. ಇಲ್ಲಿ ಗುಂಡಿಗೆ ಬದಲಾಗಿ ಉಬ್ಬಿದ ಬದಿಗಳುಳ್ಳ ಒಂದು ತ್ರಿಕೋಣ. ಕುಳಿಗೆ ಬದಲಾಗಿ ನಡುವಿನಲ್ಲಿ ತುಸು ಸೊಂಟವಿರುವ, ಹೆಚ್ಚು ಕಡಿಮೆ ನೆಲಗಡಲೆಯ ಕಾಯಿಯನ್ನು ಹೋಲುವ ಕೋಣೆ. ತ್ರಿಕೋಣವು ತಿರುಗುವಾಗ ಅದರ ಮೂರು ತುದಿಗಳೂ ಯಾವಾಗಲೂ ಕೋಣೆಯ ಗೋಡೆಯನ್ನು ಮುಟ್ಟಿಕೊಂಡೇ ಇರುತ್ತವೆ. ಆದುದರಿಂದ ತ್ರಿಕೋಣಕ್ಕೂ ಗೋಡೆಗೂ ನಡುವೆ ಮೂರು ಬೇರೆ ಬೇರೆ ಎಡೆಗಳು ಏರ್ಪಡುತ್ತವೆ. ಸುತ್ತು ಸಾಗಿದಂತೆ ಪ್ರತಿಯೊಂದು ಎಡೆಯೂ ಹಿಗ್ಗಿ ಅನಿಲವನ್ನು ಒಳಗೆಳೆಯುತ್ತದೆ, ಕುಗ್ಗಿ ಅದನ್ನು ಅದುಮುತ್ತದೆ, ಕಿಡಿ ತಾಗಿ ಉರಿದಾಗ ಮತ್ತೆ ಹಿಗ್ಗಿ ಬಲವನ್ನು ಕೊಡುತ್ತದೆ, ಕೊನೆಗೆ ಕುಗ್ಗಿ ಹೊಗೆಯನ್ನು ಹೊರದಬ್ಬುತ್ತದೆ. ಕವಾಟಗಳಿಲ್ಲ, ಗೋಡೆಯಲ್ಲಿರುವ ಕಂಡಿಗಳನ್ನು ತ್ರಿಕೋಣವೇ ಮುಚ್ಚುತ್ತ ತೆರೆಯುತ್ತ ಹೋಗುತ್ತದೆ.

ತ್ರಿಕೋಣವು ಒಂದು ಸುತ್ತು ತಿರುಗುವಷ್ಟರಲ್ಲಿ ಅದರ ನಡುವಿನ ದಂಡ ಮೂರು ಸುತ್ತು ತಿರುಗುತ್ತದೆ. ತ್ರಿಕೋಣದ ಮೂರು ಮುಖಗಳೂ ಆ ಒಂದು ಸುತ್ತಿನಲ್ಲಿ ಒಂದೊಂದು ಸಲ ಬಲವನ್ನು ಕೊಡುವುದರಿಂದ, ದಂಡದ ಪ್ರತಿಯೊಂದು ಸುತ್ತಿಗೂ ಒಂದು ತಳ್ಳು ಸಿಕ್ಕಿದಂತಾಯಿತು. ಇಂಥ ತ್ರಿಕೋಣಗಳು ಎರಡಿದ್ದರೆ ಸುತ್ತಿಗೆ ಎರಡು ತಳ್ಳು. ನಾಲ್ಕು ಪಿಸ್ಟನ್ನುಗಳ ಸಾಮಾನ್ಯ ಎಂಜಿನು ಕೊಡುವುದೂ ಅಷ್ಟೇ.

ಈ ಎಂಜಿನನ್ನು ಹಿರೋಷಿಮಾದ ತೋಯೋ ಕೋಗ್ಯೋ ಎಂಬ ಕಂಪನಿ ಆಸೆಯಿಂದ ನೋಡಿತು. 1920ರಲ್ಲಿ ಬೆಂಡಿನ ಕಾರ್ಖಾನೆಯಾಗಿ ಹುಟ್ಟಿ, 1931ರಿಂದ ಮೂರು ಚಕ್ರದ ಸಾಮಾನು ಗಾಡಿಗಳನ್ನು ಮಾಡುತ್ತ ಬಂದ ಸಂಸ್ಥೆಯದು. ಅದರ ವಾಹನಗಳ ಹೆಸರು ಮಾಜ್ದಾ. 1945ರ ಆಗಸ್ಟ್ 6ರಂದು ಪರಮಾಣು ಬಾಂಬು ಬಿದ್ದಾಗ ನಡುವೆ ಅಡ್ಡವಾಗಿದ್ದ ಹಿಜಿಯಾಮಾ ಎಂಬ ಗುಡ್ಡ ಈ ಕಾರ್ಖಾನೆಯನ್ನು ಬಹುಮಟ್ಟಿಗೆ ಉಳಿಸಿತು. ಆದರೆ 1960ರ ಸುಮಾರಿಗೆ ಇನ್ನೊಂದು ಬಗೆಯ ಗಂಡಾಂತರ ಎದುರಾಯಿತು. ದೇಶದ ಕಾರು ಕಂಪನಿಗಳನ್ನು ಕೆಲವೇ ದೊಡ್ಡ ಗುಂಪುಗಳಾಗಿ ಒಟ್ಟುಗೂಡಿಸಬೇಕೆಂದು ಜಪಾನಿನ ಸರ್ಕಾರ ಯೋಚಿಸುತ್ತಿತ್ತು. ಬೇರೆ ಯಾರಲ್ಲಿಯೂ ಇಲ್ಲದ ವಿದ್ಯೆಯೊಂದು ತನ್ನ ಕೈಯಲ್ಲಿರದಿದ್ದರೆ ತಾನು ದೊಡ್ಡವರ ಹೊಟ್ಟೆಗೆ ಸೇರುವುದು ಖಂಡಿತ ಎಂದು ಅಧ್ಯಕ್ಷ ಸುನೇಜಿ ಮತ್ಸುದಾ ಕಂಡುಕೊಂಡನು. ಎನ್‌.ಎಸ್‌.ಯು. ಜೊತೆಗೆ ಒಪ್ಪಂದವಾಯಿತು, 1961ರಲ್ಲಿ ಸರ್ಕಾರದ ಅನುಮತಿಯೂ ದೊರೆಯಿತು.

ಕೊಂಡು ತಂದ ವಿದ್ಯೆ ಅರೆಬೆಂದದ್ದೆಂಬುದು ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. ಎಂಜಿನನ್ನು ಕೆಲವು ಗಂಟೆ ಓಡಿಸಿ ಬಿಚ್ಚಿ ನೋಡಿದರೆ, ಕನ್ನಡಿಯಂತೆ ನಯಮಾಡಿದ್ದ ಕೋಣೆಯ ಗೋಡೆಯ ಮೇಲೆ ಸಾಲುಸಾಲಾದ ಅಲೆಗೀರುಗಳು! ಅಲ್ಲಿನ ಕೆಲಸಗಾರರು ಇವಕ್ಕೆ ಇಟ್ಟ ಹೆಸರು ‘ದೆವ್ವದ ಉಗುರುಗೀರು’. ತಪ್ಪು ಯಾವ ದೆವ್ವದ್ದೂ ಅಲ್ಲ. ತ್ರಿಕೋಣದ ತುದಿಗಳಲ್ಲಿ ಕೂರಿಸಿದ್ದ ಲೋಹದ ಪಟ್ಟಿಗಳದ್ದು. ಎಡೆಯಿಂದ ಎಡೆಗೆ ಅನಿಲ ಸೋರದಂತೆ ತಡೆಯುವುದು ಈ ತುದಿಪಟ್ಟಿಗಳ ಕೆಲಸ. ಅವು ಗೋಡೆಯನ್ನು ಒತ್ತಿಕೊಂಡೇ ಇರಬೇಕು, ಆದರೆ ಅದನ್ನು ಸವೆಸಬಾರದು. ಅತ್ತೆಯ ಮನೆಯಲ್ಲಿ ಹೊಸ ಸೊಸೆ ನಡೆದುಕೊಳ್ಳಬೇಕಾದಂಥ ಸ್ಥಿತಿ!

ಗೀರುಗಳು ಸಾಲಾಗಿ ಏಕೆ ಬೀಳಬೇಕು? ಕಪ್ಪುಹಲಗೆಯ ಮೇಲೆ ಉಪಾಧ್ಯಾಯರು ಚುಕ್ಕೆಗೆರೆ ಎಳೆಯುವ ಚಮತ್ಕಾರವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಸೀಮೆಸುಣ್ಣವನ್ನು ಒಂದು ಓರೆಯಲ್ಲಿ ಹಿಡಿದು ಮುಂದಕ್ಕೆ ತಳ್ಳಿದರೆ ಅದು ಜಾರುವುದಿಲ್ಲ. ಕ್ಷಣ ಹಿಡಿದುಕೊಂಡು, ಕ್ಷಣ ಬಿಟ್ಟು, ಟಕಟಕನೆ ಕುಪ್ಪಳಿಸುತ್ತ ಹೋಗುತ್ತದೆ. ತುದಿಪಟ್ಟಿಯೂ ಹಾಗೆಯೇ ಕುಪ್ಪಳಿಸುತ್ತಿತ್ತು. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಕಂಪನದ ವೇಗ ಇರುತ್ತದೆ. ಉಜ್ಜಾಟವು ಆ ವೇಗಕ್ಕೆ ತಾಳ ಹಾಕಿದರೆ ನಡುಕವು ಕ್ಷಣಕ್ಷಣಕ್ಕೂ ಬಲಿಯುತ್ತದೆ.

1963ರಲ್ಲಿ ಕೆನಿಚಿ ಯಾಮಾಮೋಟೊ ಎಂಬ ಎಂಜಿನಿಯರನ ಕೈಕೆಳಗೆ 47 ಮಂದಿಯ ಒಂದು ಸಂಶೋಧನ ವಿಭಾಗ ಏರ್ಪಟ್ಟಿತು. ಸತ್ತ ಒಡೆಯನ ಋಣ ತೀರಿಸಿದ 47 ಯೋಧರ ಕಥೆ ಜಪಾನಿನ ಮಕ್ಕಳಿಗೂ ಗೊತ್ತಿರುವಂಥದ್ದು. ಈ ಸಂಖ್ಯೆ ಅಲ್ಲಿ ಯಾರ ಗಮನಕ್ಕೂ ಬಾರದೆ ಹೋಗಲಿಲ್ಲ. ತುದಿಪಟ್ಟಿಗೆಂದು ಅವರು ನಾನಾ ಲೋಹಗಳನ್ನು ಪರೀಕ್ಷಿಸಿದರು. ದನದ ಎಲುಬನ್ನೂ ಬಿಡಲಿಲ್ಲವೆಂದು ಹೇಳುತ್ತಾರೆ. ಮೊದಲ ಗೆಲುವು ದೊರೆತದ್ದು ಲೋಹವನ್ನು ಬದಲಿಸಿದ್ದರಿಂದಲ್ಲ, ಆಕಾರವನ್ನು ಬದಲಿಸಿದ್ದರಿಂದ. ಪಟ್ಟಿಯ ತುದಿಯ ಬಳಿ ಉದ್ದಕ್ಕೂ ಅಡ್ಡಕ್ಕೂ ಒಂದನ್ನೊಂದು ಸಂಧಿಸುವ ರಂಧ್ರಗಳನ್ನು ಕೊರೆದಾಗ ಅದರ ಕಂಪನದ ವೇಗ ಬೇರೆಯಾಯಿತು, ಗೀರುಗಳು ಮಾಯವಾದವು. ಆದರೆ ಅಷ್ಟು ಸಣ್ಣ ಪಟ್ಟಿಯಲ್ಲಿ ಅಂಥ ಕೊರೆತವನ್ನು ಸಾವಿರಗಟ್ಟಲೆ ಮಾಡುವುದು ಕಾರ್ಖಾನೆಗೆ ಆಗುವ ಮಾತಲ್ಲ. ಕೊನೆಗೆ ಆರಿಸಿಕೊಂಡದ್ದು ಇಂಗಾಲವನ್ನು. ಪೆನ್ಸಿಲಿನ ಕಡ್ಡಿಯಂತೆ ಇಂಗಾಲವು ತಾನೇ ಜಾರುವ ಗುಣವುಳ್ಳದ್ದು. ಆದರೆ ಬೇಗ ಮುರಿಯುವಂಥದ್ದು. ಅದರ ಸೂಕ್ಷ್ಮ ರಂಧ್ರಗಳಿಗೆ ಕರಗಿದ ಅಲ್ಯೂಮಿನಿಯಮನ್ನು ತುಂಬಿ ಗಟ್ಟಿಮಾಡಿದರು. ನನ್ನ ಮಟ್ಟಿಗೆ, ವಾಂಕೆಲನ ಕಲ್ಪನೆಗಿಂತ ಈ ಬೆರಳುದ್ದದ ಪಟ್ಟಿಯೇ ಹೆಚ್ಚು ಆಶ್ಚರ್ಯದ ವಸ್ತು.

ಈ ಎಂಜಿನನ್ನು ಹೊತ್ತ ಕಾಸ್ಮೋ ಸ್ಪೋರ್ಟ್ ಎಂಬ ಇಬ್ಬರೇ ಕೂರುವ ಕಾರು ಮಾರಾಟಕ್ಕೆ ಬಂದದ್ದು 1967ರ ಮೇ 30ರಂದು. ಎರಡು ತ್ರಿಕೋಣಗಳ ಎಂಜಿನಿರುವ ಕಾರನ್ನು ಮಾರಾಟಕ್ಕೆ ತಂದವರಲ್ಲಿ ಇವರೇ ಮೊದಲಿಗರು, ಎನ್‌.ಎಸ್‌.ಯು. ಕಂಪನಿಯ ಅಂಥ ಕಾರು ಬಂದದ್ದು ಕೆಲವು ತಿಂಗಳ ತರುವಾಯ. ಬಹುಮಟ್ಟಿಗೆ ಜಪಾನಿನ ಗಿರಾಕಿಗಳಿಗೆಂದೇ ಕಟ್ಟಿದ ಕಾಸ್ಮೋದ ತೂಕ 940 ಕಿಲೋಗ್ರಾಂ, ಬೆಲೆ 14 ಲಕ್ಷ 80 ಸಾವಿರ ಯೆನ್. ಎಂಜಿನಿನ ಗಾತ್ರವನ್ನು ಓದುಗರು ತಾವೇ ಲೆಕ್ಕ ಹಾಕಬಹುದು. ತ್ರಿಕೋಣದ ನಡುವಿನಿಂದ ತುದಿಗೆ 105 ಮಿಲಿಮೀಟರು, ಅಗಲ 60 ಮಿಲಿಮೀಟರು, ನಡುವು ದಂಡದ ಅಕ್ಷದಿಂದ ಸರಿದಿರುವ ದೂರ 15 ಮಿಲಿಮೀಟರು. ಈ ಮೂರನ್ನೂ ಗುಣಿಸಿ, ಬಂದುದನ್ನು 3ರ ವರ್ಗಮೂಲದ ಮೂರು ಪಟ್ಟಿನಿಂದ, ಎಂದರೆ 5.196ರಿಂದ, ಮತ್ತೆ ಗುಣಿಸಿದರೆ ಒಂದು ಮುಖದ ಎಡೆ ಎಷ್ಟು ಹಿಗ್ಗುತ್ತದೆಂಬುದು ಸಿಗುತ್ತದೆ: 491 ಘನ ಸೆಂಟಿಮೀಟರು. ಎರಡು ತ್ರಿಕೋಣಕ್ಕೆ 982. ಇಷ್ಟು ಚಿಕ್ಕ ಗಾತ್ರದಿಂದ 110 ಅಶ್ವಶಕ್ತಿ! ಇದರಲ್ಲಿ ಸ್ವಲ್ಪ ಕಣ್ಕಟ್ಟೂ ಇಲ್ಲದಿಲ್ಲ. ಲೆಕ್ಕಕ್ಕೆ ಹಿಡಿದದ್ದು ಪ್ರತಿ ತ್ರಿಕೋಣದ ಒಂದು ಮುಖವನ್ನು ಮಾತ್ರ, ಮುಖಗಳಿರುವುದು ಮೂರು. ಜಪಾನಿನ ತೆರಿಗೆಯವರು ಇದಕ್ಕೆ ಮರುಳಾಗದೆ, ತಿರುಗು ಎಂಜಿನಿನ ಗಾತ್ರವನ್ನು ಒಂದೂವರೆಯಿಂದ ಗುಣಿಸಿ ತೆರಿಗೆ ಹಾಕಿದರು.

1968ರ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿ ನಡೆದ 84 ಗಂಟೆಗಳ ಓಟಕ್ಕೆ ಎರಡು ಕಾಸ್ಮೋಗಳು ಹೋದವು. ಒಂದು 82ನೆಯ ಗಂಟೆಯಲ್ಲಿ ಹಿಂದಿನ ಅಚ್ಚು ಕೆಟ್ಟು ನಿಂತಿತು. ಬೆಲ್ಜಿಯಂ ಚಾಲಕರು ನಡೆಸಿದ ಇನ್ನೊಂದು ನಾಲ್ಕನೆಯದಾಗಿ ಗುರಿ ಮುಟ್ಟಿತು. ತುದಿಪಟ್ಟಿಗಳು ಪರೀಕ್ಷೆಯಲ್ಲಿ ಗೆದ್ದುವೆಂದು ಹೇಳಬೇಕು. ಆ ವರ್ಷವೇ ಕಾರಿನ ಚಕ್ರಾಂತರವನ್ನು 15 ಸೆಂಟಿಮೀಟರು ಹೆಚ್ಚಿಸಿ, ಶಕ್ತಿಯನ್ನು 128ಕ್ಕೇರಿಸಿದರು. ಆದರೂ 1972ರಲ್ಲಿ ತಯಾರಿ ನಿಲ್ಲುವವರೆಗೆ ಹೊರಬಂದ ಕಾರುಗಳು ಮೊದಲ ಮಾದರಿಯವು 343, ಎರಡನೆಯವು 833, ಒಟ್ಟು 1,176 ಮಾತ್ರ.

ತಿರುಗು ಎಂಜಿನಿನ ಒಂದು ದೋಷ ಮಾತ್ರ ಅದರ ಆಕಾರದಲ್ಲಿಯೇ ಹುಟ್ಟಿದ್ದು. ಅನಿಲ ಉರಿಯುವ ಎಡೆ ಉದ್ದವಾಗಿ ಚಪ್ಪಟೆಯಾಗಿದೆ. ಅಗಲವಾದ ತಟ್ಟೆಗೆ ಸುರಿದ ಸಾರಿನಂತೆ ಶಾಖವು ಗೋಡೆಗಳಿಗೆ ಬೇಗ ಸೋರುತ್ತದೆ, ಅಂಚಿನ ಅನಿಲ ಉರಿಯದೆ ಉಳಿಯುತ್ತದೆ. ಪೆಟ್ರೋಲು ಹೆಚ್ಚು ಬೇಕು. 1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಈ ದೋಷವನ್ನು ಮರೆಮಾಚುವುದು ಸಾಧ್ಯವಾಗಲಿಲ್ಲ. ಮಾಜ್ದಾ ಆದರೂ ಕೈಬಿಡಲಿಲ್ಲ. 1991ರಲ್ಲಿ ನಾಲ್ಕು ತ್ರಿಕೋಣಗಳ ಕಾರು ಲ ಮಾನ್ಸಿನ 24 ಗಂಟೆಗಳ ಓಟವನ್ನು ಗೆದ್ದಿತು. 2012ರಲ್ಲಿ ಆರ್‌.ಎಕ್ಸ್‌. 8 ಕಾರಿನೊಡನೆ ಇದರ ತಯಾರಿ ನಿಂತು, 2023ರಲ್ಲಿ ಒಂದೇ ತ್ರಿಕೋಣದ 830 ಘನ ಸೆಂಟಿಮೀಟರಿನ ಎಂಜಿನಾಗಿ ಮರಳಿತು. ಈ ಸಲ ಚಕ್ರವನ್ನು ತಿರುಗಿಸಲು ಅಲ್ಲ, ವಿದ್ಯುತ್ ಕಾರಿಗಾಗಿ ವಿದ್ಯುತ್ತನ್ನು ಉತ್ಪಾದಿಸಲು. ಅದರಲ್ಲಿ ಸವೆತ ಕಡಿಮೆಯಾಗಲೆಂದು ತುದಿಪಟ್ಟಿಯ ದಪ್ಪವನ್ನು 2 ಮಿಲಿಮೀಟರಿನಿಂದ ಎರಡೂವರೆಗೆ ಏರಿಸಿದ್ದಾರೆ.