ಪ್ರಾದೇಶಿಕ ಅಭಿವೃದ್ಧಿಯಲ್ಲಿ ಭೂ ಆಡಳಿತದ ಪಾತ್ರ: ಒಂದು ಮೌಲ್ಯಮಾಪನ

ಒಂದು ಪ್ರದೇಶದ ಕೈಗಾರಿಕಾ ಪ್ರಗತಿಯನ್ನು ಕುರಿತು ಚರ್ಚಿಸುವಾಗ ರಸ್ತೆ, ನೀರು, ವಿದ್ಯುತ್ ಹಾಗೂ ಸಾಲದ ಲಭ್ಯತೆಯನ್ನು ನಾವು ಪರಿಗಣಿಸುತ್ತೇವೆ. ಇವೆಲ್ಲಕ್ಕೂ ಆಧಾರವಾದ ಭೂ ಆಡಳಿತವು ಮಾತ್ರ ಕಂದಾಯ ಇಲಾಖೆಯ ಆಂತರಿಕ ವಿಷಯವೆಂಬಂತೆ ಬದಿಗೆ ಸರಿಯುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಗುರುತಿಸಿತು. ಇಂತಹ ತಾಲ್ಲೂಕುಗಳಲ್ಲಿ ಸಣ್ಣ ಉದ್ಯಮಿಯ ಕೈಯಲ್ಲಿರುವ ಮುಖ್ಯ ಆಸ್ತಿ ಬಹುತೇಕ ಭೂಮಿಯೇ. ಅದರ ದಾಖಲೆ ಎಷ್ಟು ಖಚಿತವೋ ಅಷ್ಟರಮಟ್ಟಿಗೆ ಮಾತ್ರ ಅದು ಬಂಡವಾಳವಾಗಬಲ್ಲದು.

ಗಣಕೀಕರಣದ ಸಾಧನೆ

ಈ ಕ್ಷೇತ್ರದಲ್ಲಿ ಕರ್ನಾಟಕದ ಸಾಧನೆ ಗಣನೀಯವಾದುದು. ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ 2 ಕೋಟಿಯಷ್ಟು ಪಹಣಿಗಳು ಗಣಕೀಕೃತಗೊಂಡು, 2002ರಲ್ಲಿ ಕೈಬರಹದ ಪಹಣಿಯ ಚಲಾವಣೆ ನಿಂತಿತು. ಬಳಿಕ ‘ಕಾವೇರಿ’ ವ್ಯವಸ್ಥೆಯ ಮೂಲಕ ನೋಂದಣಿಯೂ ಗಣಕಕ್ಕೆ ಬಂದಿತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ರದ್ದಾದುದರಿಂದ ಕೃಷಿಕರಲ್ಲದವರೂ ಕೃಷಿ ಜಮೀನನ್ನು ಖರೀದಿಸಲು ಅವಕಾಶ ದೊರೆಯಿತು. ದಾಖಲೆ ದೊರೆಯುವ ವೇಗ ಹೆಚ್ಚಿದೆ. ಖರೀದಿಯ ಬಾಗಿಲೂ ತೆರೆದಿದೆ.

ದಾಖಲೆಯ ಮಿತಿ

ಆದರೆ ವೇಗವೇ ಖಚಿತತೆಯಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಪಹಣಿಯ ನಮೂದು, ತದ್ವಿರುದ್ಧವಾಗಿ ರುಜುವಾತಾಗುವವರೆಗೆ ಮಾತ್ರ ಸತ್ಯವೆಂದು ಭಾವಿಸತಕ್ಕದ್ದು. 1908ರ ನೋಂದಣಿ ಕಾಯ್ದೆಯು ಕ್ರಯಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಮಾರಾಟಗಾರನ ಮಾಲೀಕತ್ವಕ್ಕೆ ಹೊಣೆಯಾಗುವುದಿಲ್ಲ. ಹಕ್ಕಿನ ದಾಖಲೆ ತಾಲ್ಲೂಕು ಕಚೇರಿಯಲ್ಲಿ, ನಕ್ಷೆ ಭೂಮಾಪನ ಶಾಖೆಯಲ್ಲಿ, ಕ್ರಯಪತ್ರ ಉಪನೋಂದಣಿ ಕಚೇರಿಯಲ್ಲಿ ಇರುತ್ತವೆ. ಈ ಮೂರೂ ಪರಸ್ಪರ ತಾಳೆಯಾಗದಿದ್ದರೆ ಗಣಕವು ಹಳೆಯ ತಪ್ಪನ್ನೇ ಶೀಘ್ರವಾಗಿ ಮುದ್ರಿಸಿಕೊಡುತ್ತದೆ.

ವಿಳಂಬದ ವೆಚ್ಚ

ಒಂದು ಕಾಲ್ಪನಿಕ ನಿದರ್ಶನವನ್ನು ತೆಗೆದುಕೊಳ್ಳೋಣ. ತೊಗರಿಗೆ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಉದ್ಯಮಿಯೊಬ್ಬರು ದಾಲ್ ಮಿಲ್ ಸ್ಥಾಪನೆಗೆ 1 ಎಕರೆ ಖರೀದಿಸಲು ಮುಂದಾಗುತ್ತಾರೆ. 4 ಎಕರೆಯ ಸರ್ವೆ ನಂಬರಿನ ಪಹಣಿಯಲ್ಲಿ ಮೂವರು ಸಹೋದರರ ಹೆಸರುಗಳಿವೆ, ಪೋಡಿಯಾಗಿಲ್ಲ. ಸರ್ವೆ ನಂಬರಿನ ಒಂದು ಭಾಗವನ್ನು ನೋಂದಾಯಿಸಲು 11ಇ ನಕ್ಷೆ ಅಗತ್ಯ. ಅಳತೆಯ ದಿನ ಒಬ್ಬ ಸಹೋದರರು ಆಕ್ಷೇಪಣೆ ಸಲ್ಲಿಸಿದರೆ ಕಾರ್ಯ ಸ್ಥಗಿತಗೊಳ್ಳುತ್ತದೆ. ಅಷ್ಟರಲ್ಲಿ ಯಂತ್ರಗಳಿಗೆಂದು ಶೇ. 11ರ ಬಡ್ಡಿಯಲ್ಲಿ 60 ಲಕ್ಷ ರೂಪಾಯಿ ತೊಡಗಿಸಿದ್ದರೆ, 8 ತಿಂಗಳ ವಿಳಂಬಕ್ಕೆ ಬಡ್ಡಿಯೇ 4 ಲಕ್ಷ 40 ಸಾವಿರ ರೂಪಾಯಿ. ತೊಗರಿಯ ಒಂದು ಹಂಗಾಮೂ ಕೈತಪ್ಪುತ್ತದೆ. ಈ ನಷ್ಟವು ಸರ್ಕಾರದ ಯಾವ ಲೆಕ್ಕಶೀರ್ಷಿಕೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ದೊಡ್ಡ ಉದ್ಯಮವು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಸ್ವಾಧೀನಪಡಿಸಿಕೊಂಡು ಹಂಚಿಕೆ ಮಾಡಿದ ನಿವೇಶನದಲ್ಲಿ ನೆಲೆಸಿ ಇಂತಹ ತೊಡಕುಗಳಿಂದ ಬಹುಮಟ್ಟಿಗೆ ಪಾರಾಗಬಹುದು. ಅಂತಹ ನಿವೇಶನ ಸಮೀಪದಲ್ಲಿಲ್ಲದ ತಾಲ್ಲೂಕಿನ ಸಣ್ಣ ಉದ್ಯಮಿಗೆ ಆ ಮಾರ್ಗವಿಲ್ಲ. ಭೂ ದಾಖಲೆಯ ಅನಿಶ್ಚಿತತೆಯು ಪ್ರಾದೇಶಿಕ ಅಸಮತೋಲನವನ್ನು ಪೋಷಿಸುವುದು ಹೀಗೆ.

ಮೌಲ್ಯಮಾಪನದ ಮಾನದಂಡಗಳು

ವಿತರಿಸಿದ ಪಹಣಿಗಳ ಸಂಖ್ಯೆಯಿಂದ ಭೂ ಆಡಳಿತವನ್ನು ಅಳೆಯುವುದು, ಬರೆದ ರಸೀದಿಗಳ ಸಂಖ್ಯೆಯಿಂದ ವ್ಯಾಪಾರದ ಲಾಭವನ್ನು ಅಳೆದಂತೆ. ಪ್ರತಿ ತಾಲ್ಲೂಕಿಗೂ ಕೇಳಬೇಕಾದ ಪ್ರಶ್ನೆಗಳು ಇವು:

1. ಪಹಣಿ ಮತ್ತು ಆಕಾರಬಂದ್‌ಗಳಲ್ಲಿನ ವಿಸ್ತೀರ್ಣ ಎಷ್ಟು ಸರ್ವೆ ನಂಬರುಗಳಲ್ಲಿ ತಾಳೆಯಾಗುತ್ತದೆ?
2. ಪೋಡಿಯಾಗದ ಬಹುಮಾಲೀಕತ್ವದ ಪಹಣಿಗಳ ಪ್ರಮಾಣವೆಷ್ಟು?
3. ಅಳತೆಯ ಅರ್ಜಿಯಿಂದ ನಕ್ಷೆಯವರೆಗೆ, ನೋಂದಣಿಯಿಂದ ಹಕ್ಕು ಬದಲಾವಣೆಯವರೆಗೆ ತಗಲುವ ಸರಾಸರಿ ದಿನಗಳೆಷ್ಟು?
4. ಕಂದಾಯ ನ್ಯಾಯಾಲಯಗಳಲ್ಲಿ ಒಂದು ವರ್ಷ ಮೀರಿದ ತಕರಾರುಗಳೆಷ್ಟು?

ಈ ಅಂಕಿಅಂಶಗಳನ್ನು ತಾಲ್ಲೂಕುವಾರು ಪ್ರತಿ ವರ್ಷ ಪ್ರಕಟಿಸುವಂತೆ ಸಂಸ್ಥೆಯು ತನ್ನ ಆಯವ್ಯಯಪೂರ್ವ ಮನವಿಯಲ್ಲಿ ಸರ್ಕಾರವನ್ನು ಒತ್ತಾಯಿಸುವುದು ಉಚಿತ. ಸದಸ್ಯರು ಸಹ ಮುಂಗಡ ಹಣ ನೀಡುವ ಮುನ್ನ ಪಹಣಿ, ಋಣಭಾರ ಪತ್ರ ಹಾಗೂ ನಕ್ಷೆ ಈ ಮೂರನ್ನೂ ತಾಳೆ ನೋಡತಕ್ಕದ್ದು. ಜಮಾ-ಖರ್ಚು ತಾಳೆಯಾಗದ ಪುಸ್ತಕಕ್ಕೆ ಲೆಕ್ಕಪರಿಶೋಧಕನು ಸಹಿ ಹಾಕುವುದಿಲ್ಲ. ನೆಲದ ಲೆಕ್ಕಕ್ಕೂ ಇದೇ ನಿಯಮ ಅನ್ವಯಿಸಬೇಕು.