ಪಾಠ: ನಮ್ಮ ದುಡಿಮೆಯ ಲೆಕ್ಕ ನಮ್ಮ ಕೈಯಲ್ಲಿರಲಿ



ಸಂಘದಲ್ಲಿ ಇಪ್ಪತ್ತು ರೂಪಾಯಿ ಉಳಿತಾಯ ಕಟ್ಟಿದರೂ ಪಾಸ್‌ಬುಕ್ಕಿನಲ್ಲಿ ಬರೆಸುತ್ತೇವೆ. ಆದರೆ ದಿನವಿಡೀ ಉಸುಕು, ಇಟ್ಟಂಗಿ ಹೊತ್ತ ದುಡಿಮೆಯ ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಬಟವಾಡೆ ದಿನ "ನಿಂದು ಐದು ದಿನ ಅಲ್ಲಬೇ, ನಾಕು" ಅಂದರೆ ತೋರಿಸಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ಏನು ಬರೆಯಬೇಕು?

ಒಂದು ಸಣ್ಣ ನೋಟ್‌ಬುಕ್ ಸಾಕು. ದಿನಾ ಸಂಜೆ ಬರೆಯೋಣ. ವಾರದ ಕೊನೆಗೆ ಬರೆದರೆ ಅರ್ಧ ದಿನ, ಉಚಲ ಮರೆತುಹೋಗುತ್ತವೆ.

1. ತಾರೀಖು
2. ಕೆಲಸದ ಸ್ಥಳ, ಮಾಲೀಕರ ಮತ್ತು ಮೇಸ್ತ್ರಿಯ ಹೆಸರು
3. ಪೂರ್ತಿ ದಿನವೋ, ಅರ್ಧ ದಿನವೋ. ಹೆಚ್ಚಿಗೆ ದುಡಿದ ತಾಸು
4. ಮಾತಾಡಿದ ಪಗಾರ
5. ಪಡೆದ ಉಚಲ, ಕೈಗೆ ಬಂದ ಹಣ, ಬಾಕಿ

ಉದಾಹರಣೆಗೆ, ದಿನಕ್ಕೆ 400 ರೂಪಾಯಿಯಂತೆ ನಾಲ್ಕು ಪೂರ್ತಿ ದಿನ, ಒಂದು ಅರ್ಧ ದಿನ ದುಡಿದರೆ 1,800 ರೂಪಾಯಿ. ಉಚಲ 500 ಕಳೆದರೆ ಬರಬೇಕಾದದ್ದು 1,300.

ಬರೆಯಲು ಬಾರದವರು ಕ್ಯಾಲೆಂಡರಿನಲ್ಲಿ ಪೂರ್ತಿ ದಿನಕ್ಕೆ ಎರಡು ಗೆರೆ, ಅರ್ಧ ದಿನಕ್ಕೆ ಒಂದು ಗೆರೆ ಹಾಕಿರಿ. ಉಳಿದದ್ದನ್ನು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ.

ಬಟವಾಡೆ ದಿನ ಮೇಸ್ತ್ರಿಯ ಮುಂದೆ ಲೆಕ್ಕ ಓದಿ ಸಹಿ ಕೇಳೋಣ. ಒಬ್ಬಳೇ ಕೇಳಿದರೆ "ನಾಳೆಯಿಂದ ಬರಬ್ಯಾಡ" ಅಂದಾರು ಎಂಬ ಅಂಜಿಕೆ ಇದ್ದದ್ದೇ. ಅದಕ್ಕೇ ನಾಲ್ಕೈದು ಮಂದಿ ಕೂಡಿ ಕೇಳೋಣ. ಸಹಿ ಮಾಡದಿದ್ದರೆ ಜೊತೆಗೆ ದುಡಿದ ಇಬ್ಬರ ಹೆಸರನ್ನಾದರೂ ಬರೆದಿಡೋಣ.

90 ದಿನದ ಲೆಕ್ಕ

ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18ರಿಂದ 60 ವರ್ಷದೊಳಗಿರಬೇಕು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಗೌಂಡಿಗಳಷ್ಟೇ ಅಲ್ಲ, ಬುಟ್ಟಿ ಹೊರುವ ನಾವೂ ಕಟ್ಟಡ ಕಾರ್ಮಿಕರೇ. ಹೆರಿಗೆ, ಅಪಘಾತ, ಪಿಂಚಣಿಯಂಥ ಸಹಾಯಕ್ಕೆ ಈ ನೋಂದಣಿಯೇ ಬಾಗಿಲು.

90 ದಿನ ಒಂದೇ ಕಡೆ ಆಗಬೇಕೆಂದಿಲ್ಲ. ರಾಮದುರ್ಗದಲ್ಲಿ 28, ಸಾಲಹಳ್ಳಿಯಲ್ಲಿ 35, ಕಟಕೋಳದಲ್ಲಿ 30 ದಿನ ದುಡಿದರೆ 93 ಆಯಿತು. ಆದರೆ ಕೆಲಸದ ಪ್ರಮಾಣಪತ್ರ ಕೇಳಲು ಹೋದಾಗ ಯಾರ ಕಟ್ಟಡ, ಯಾವ ತಿಂಗಳು ಎಂದು ಹೇಳಬೇಕಲ್ಲ? ಅದನ್ನು ನೋಟ್‌ಬುಕ್ ಹೇಳುತ್ತದೆ. ಕೆಲಸದಲ್ಲಿ ಪೆಟ್ಟಾದರೂ ಅಂದು ನಾವು ಅಲ್ಲಿದ್ದೆವು ಎನ್ನಲು ಅದೇ ಆಧಾರ.

ಸಭೆಯಲ್ಲಿ ಚರ್ಚಿಸಿರಿ

1. ಕಳೆದ ವಾರ ನಾವು ಎಷ್ಟು ದಿನ ದುಡಿದೆವು? ಬಾಕಿ ಎಷ್ಟು?
2. ಒಂದೇ ಕೆಲಸಕ್ಕೆ ಗಂಡಸರಿಗೂ ನಮಗೂ ಒಂದೇ ಪಗಾರ ಇದೆಯೇ?
3. ನಮ್ಮ ಸಂಘದಲ್ಲಿ 90 ದಿನ ತುಂಬಿದವರು ಯಾರು?

ಮುಂದಿನ ಸಭೆಗೆ ಎಲ್ಲರೂ ನೋಟ್‌ಬುಕ್ ತನ್ನಿರಿ. ಮೊದಲ ಪುಟವನ್ನು ಕೂಡಿಯೇ ಬರೆಯೋಣ.