ಹೃದ್ರೋಗಿಗಳ ಕಾಲಿಗೂ ಬಲ ಬೇಕು

ಹೃದಯದ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಮರಳಿದ ಹಿರಿಯರನ್ನು ನಾವು ಬಹಳ ಜತನದಿಂದ ನೋಡಿಕೊಳ್ಳುತ್ತೇವೆ. ನೀರಿನ ಲೋಟವನ್ನೂ ಕೈಗೇ ಕೊಡುತ್ತೇವೆ. ಎದ್ದು ನಿಂತರೆ 'ನೀವು ಕೂತಿರಿ ಅಪ್ಪಾಜಿ' ಎನ್ನುತ್ತೇವೆ. ಪ್ರೀತಿಯ ಈ ಮಾತೇ ಕೆಲವು ವಾರಗಳಲ್ಲಿ ಅವರ ತೊಡೆಗಳ ಬಲವನ್ನು ಕುಂದಿಸುತ್ತದೆ. ವಯಸ್ಸಾದವರು 10 ದಿನ ಹಾಸಿಗೆ ಹಿಡಿದರೂ ಸಾಕು, ಕಾಲಿನ ಸ್ನಾಯುಗಳು ಸೊರಗುತ್ತವೆ. ಮುಂದೊಂದು ರಾತ್ರಿ ಬಚ್ಚಲಿಗೆ ಹೋಗುವಾಗ ಅವರು ಬಿದ್ದರೆ ಹೃದಯವೇ ಕಾರಣವೆಂದು ಭಾವಿಸುತ್ತೇವೆ. ಅನೇಕ ವೇಳೆ ಸೋತಿರುವುದು ಕಾಲು.

ಔಷಧಿಗಳ ಪಾತ್ರವನ್ನೂ ತಿಳಿದಿರಬೇಕು. ರಕ್ತದೊತ್ತಡ ಇಳಿಸುವ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಸೇವಿಸುವವರಲ್ಲಿ ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿಯಬಹುದು. ನಿಂತ 3 ನಿಮಿಷಗಳೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಕೂಡದು. ಪೂಜೆಗೆ ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕುಳಿತವರು, ದಾಸೋಹದ ಪಂಕ್ತಿಯಿಂದ ಏಳುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಮೊದಲು ಕಾಲು ಚಾಚಿ ಪಾದಗಳನ್ನು ಹತ್ತಾರು ಬಾರಿ ಮೇಲೆ ಕೆಳಗೆ ಆಡಿಸಿ, ಬಳಿಕ ಆಸರೆ ಹಿಡಿದು ಏಳುವುದು ಕ್ಷೇಮ.

ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ್ದ 60 ವರ್ಷ ಮೀರಿದ 349 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬಲ, ಸಮತೋಲನ, ಚಲನೆ ಮತ್ತು ತಾಳಿಕೆಗಾಗಿ ಹಂತಹಂತವಾಗಿ ವ್ಯಾಯಾಮ ಮಾಡಿದವರು 3 ತಿಂಗಳ ಕೊನೆಗೆ ಉಳಿದವರಿಗಿಂತ ಚೆನ್ನಾಗಿ ಏಳಲು, ನಿಲ್ಲಲು, ನಡೆಯಲು ಶಕ್ತರಾಗಿದ್ದರು. ಮತ್ತೆ ಆಸ್ಪತ್ರೆ ಸೇರುವುದು ಇದರಿಂದ ಗಣನೀಯವಾಗಿ ತಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಯಾರ ಹಂಗೂ ಇಲ್ಲದೆ ಬಚ್ಚಲಿಗೆ ನಡೆದುಹೋಗುವುದು ಹಿರಿಯರ ಪಾಲಿಗೆ ಸಣ್ಣ ಸಂಗತಿಯಲ್ಲ.

ವೈದ್ಯರ ಒಪ್ಪಿಗೆ ಪಡೆದು, ಮನೆಯವರೊಬ್ಬರು ಪಕ್ಕದಲ್ಲಿರುವಾಗ ಆರಂಭಿಸಬೇಕು. ಮುಖ್ಯವಾದುದು ಕುರ್ಚಿಯಿಂದ ಏಳುವ ಅಭ್ಯಾಸ. ಗಟ್ಟಿಯಾದ ಮರದ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡ. ಅಂಚಿಗೆ ಸರಿದು ಕುಳಿತು, ಪಾದಗಳನ್ನು ನೆಲಕ್ಕೆ ಊರಿ, ಮುಂದಕ್ಕೆ ಬಾಗಿ, ಉಸಿರು ಬಿಡುತ್ತ ಏಳಬೇಕು. ಅಷ್ಟೇ ನಿಧಾನವಾಗಿ ಕುಳಿತುಕೊಳ್ಳಬೇಕು. ಧೊಪ್ಪನೆ ಕುಳಿತರೆ ಅರ್ಧ ಲಾಭ ಹೋಯಿತು. ಮೊದಲ ವಾರ 5 ಬಾರಿ ಸಾಕು, ಕ್ರಮೇಣ 10ಕ್ಕೆ ಏರಿಸಬಹುದು. ಎದೆಯ ಮೂಳೆ ಸೀಳಿ ಶಸ್ತ್ರಚಿಕಿತ್ಸೆ ಆದವರು ವೈದ್ಯರು ಅನುಮತಿಸುವವರೆಗೆ ಕೈಗಳ ಮೇಲೆ ಭಾರ ಹಾಕಿ ಏಳಬಾರದು.

ಉಳಿದವಕ್ಕೆ ಅಡುಗೆಮನೆಯ ಕಟ್ಟೆಯೇ ಆಸರೆ. ಅದನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದೊಂದೇ ಕಾಲನ್ನು ಪಕ್ಕಕ್ಕೆ ಚಾಚುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ 10 ಎಣಿಸುವವರೆಗೆ ನಿಲ್ಲುವುದು. ಸ್ಥಿರತೆ ಬಂದಂತೆ ಎರಡು ಕೈಗಳ ಬದಲು ಒಂದು ಕೈ, ಅನಂತರ ಬೆರಳ ತುದಿ. ವಾರಕ್ಕೆ 3 ದಿನ, ನಡುವೆ ಬಿಡುವು ಕೊಟ್ಟು ಮಾಡಿದರೆ ಸಾಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಗೇ ಏರುವುದರಿಂದ ಗಟ್ಟಿಯಾಗಿ ಎಣಿಸುತ್ತ ಮಾಡುವುದು ಲೇಸು. ಮಾತನಾಡಲು ಆಗದಷ್ಟು ಏದುಸಿರು ಬಂದರೆ ಶ್ರಮ ಮಿತಿಮೀರಿತೆಂದೇ ತಿಳಿಯಬೇಕು.

ಎದೆನೋವು, ತಲೆಸುತ್ತು, ಎದೆಬಡಿತದ ಏರುಪೇರು ಕಂಡರೆ ಕೂಡಲೇ ನಿಲ್ಲಿಸಿ ಕುಳಿತುಕೊಳ್ಳಬೇಕು. ಎದೆನೋವು ಶಮನವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡು ಮೂರು ದಿನಗಳಲ್ಲಿ ತೂಕ 2 ಕಿಲೋ ಏರಿದರೆ, ಪಾದಗಳು ಊದಿದರೆ ವ್ಯಾಯಾಮ ಬಿಟ್ಟು ವೈದ್ಯರನ್ನು ಕಾಣಬೇಕು.

ಇಷ್ಟಾಗಿಯೂ ಬಿದ್ದರೆ ಅದನ್ನು ಮಕ್ಕಳಿಂದ ಮುಚ್ಚಿಡುವ ಹಿರಿಯರಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವವಾಗುವ ಸಂಭವವುಂಟು. ಅಂಥವರನ್ನು ನೋವಿಲ್ಲವೆಂದರೂ ಅದೇ ದಿನ, ಸೇವಿಸುವ ಮಾತ್ರೆಗಳ ಚೀಟಿಯ ಸಹಿತ ಆಸ್ಪತ್ರೆಗೆ ಕರೆದೊಯ್ಯಬೇಕು.